ಖಾಲಿ ಬಿಟ್ಟ ಕೊನೆಯ ಸಾಲು

ಆ ಕಾರ್ಡು ನನ್ನ ಅಂಗೈಗಿಂತ ಚಿಕ್ಕದು. ಮೂರು ಮಡಿಕೆ. ಮಡಿಕೆ ಬಿದ್ದಲ್ಲೆಲ್ಲ ಕಾಗದ ಸವೆದು ಹಳೇ ಪಂಚೆಯ ಹಾಗೆ ಮೆತ್ತಗಾಗಿದೆ. ಒಂದು ಕಡೆ ಹರಿದಿದ್ದಕ್ಕೆ ಹಚ್ಚಿದ ಟೇಪು ಕಂದು ಬಣ್ಣಕ್ಕೆ ತಿರುಗಿದೆ. ಬಿಡಿಸಿದರೆ ಒಳಗೆ 36 ಸಾಲು: ತಾರೀಖು, ಎದುರಾಳಿ, ಪಂದ್ಯ ನಮ್ಮ ಅಂಗಳದಲ್ಲೋ ಅವರ ಅಂಗಳದಲ್ಲೋ ಅನ್ನುವುದಕ್ಕೆ ಒಂದಕ್ಷರ, ಕೊನೆಗೊಂದು ಖಾಲಿ ಚೌಕ. 35 ಚೌಕಗಳಲ್ಲಿ ಪೆನ್ಸಿಲ್ ಚೂಪು ಮಾಡಿಕೊಂಡು ಬಹಳ ಸಣ್ಣ ಅಂಕಿಗಳಲ್ಲಿ ಸ್ಕೋರು ಬರೆದಿದೆ. ಗೆದ್ದ ಪಂದ್ಯಕ್ಕೆ ಪಕ್ಕದಲ್ಲೊಂದು ಚುಕ್ಕೆ. ನಾನು ಎಣಿಸಿದೆ, 20 ಚುಕ್ಕೆ. 36ನೆಯ ಚೌಕದಲ್ಲಿ ಮಾತ್ರ ಏನೂ ಇಲ್ಲ.

ಇದು ಎಡಿನ್‌ಬರಾದಲ್ಲಿ ನಮ್ಮ ಕೆಳಗಿನ ಮನೆಯವರ ಕಾರ್ಡು. ಅದರಲ್ಲಿ ಬರೆದಿದ್ದು ಅವರ ಅಪ್ಪ. ಅಪ್ಪ ಈಗಿಲ್ಲ. ನಾವಿರುವುದು ಗಾರ್ಗಿ ಎಂಬ ಬಡಾವಣೆಯಲ್ಲಿ. ನೂರು ವರ್ಷ ದಾಟಿದ ಕಲ್ಲಿನ ಕಟ್ಟಡ, ಒಂದೇ ಮೆಟ್ಟಿಲ ಸಾಲಿಗೆ ಎಂಟು ಮನೆ. ಗಾಳಿ ಈ ಕಡೆ ತಿರುಗಿದ ದಿನ ಹತ್ತಿರದ ವಿಸ್ಕಿ ಡಿಸ್ಟಿಲರಿಯಿಂದ ಧಾನ್ಯ ಬೇಯುವ ವಾಸನೆ ಬರುತ್ತದೆ. ನನಗೆ ಅದು ಊರಲ್ಲಿ ಹುರುಳಿ ಬೇಯಿಸುವಾಗಿನ ವಾಸನೆಯ ಹತ್ತಿರದ ನೆಂಟನ ಹಾಗೆ ಅನಿಸುತ್ತದೆ. ಶನಿವಾರ ಮಧ್ಯಾಹ್ನ ಅಡುಗೆಮನೆಯ ಕಿಟಕಿ ತೆರೆದರೆ ಟೈನ್‌ಕ್ಯಾಸಲ್ ಮೈದಾನದ ಗದ್ದಲ ಒಳಗೇ ಬರುತ್ತದೆ. ಗೋಲಾಯಿತೋ ತಪ್ಪಿತೋ ಅನ್ನುವುದು ಸದ್ದಿನಲ್ಲೇ ಗೊತ್ತಾಗುತ್ತದೆ. ಹೀಗೆ, ಟಿಕೆಟ್ಟೇ ಇಲ್ಲದೆ, ಕುಕ್ಕರಿನ ಸೀಟಿಯ ನಡುವೆ ನಾವು ಹಾರ್ಟ್ಸ್ ಫುಟ್‌ಬಾಲ್ ತಂಡದ ಕಡೆಯವರಾದೆವು.

ಪೂರ್ತಿ ಹೆಸರು ಹಾರ್ಟ್ ಆಫ್ ಮಿಡ್ಲೋಥಿಯನ್. 1874ರಲ್ಲಿ ಹುಟ್ಟಿದ ಕ್ಲಬ್ಬು, ಬಣ್ಣ ಕಡು ಮರೂನ್. ಆ ಹೆಸರು ಮೊದಲು ಇದ್ದದ್ದು ಒಂದು ಜೈಲಿಗೆ. 1817ರಲ್ಲಿ ಕೆಡವಿದ ಆ ಹಳೇ ಸೆರೆಮನೆಯ ಜಾಗದಲ್ಲಿ, ರಾಯಲ್ ಮೈಲ್ ಬೀದಿಯ ಕಲ್ಲುಹಾಸಿನಲ್ಲಿ ಈಗೊಂದು ಹೃದಯದ ಚಿತ್ರವಿದೆ. ಹಾದುಹೋಗುವವರು ಅದರ ಮೇಲೆ ಉಗಿದು ಹೋಗುವುದು ಇಲ್ಲಿಯ ಪದ್ಧತಿ. ಊರಿಂದ ಬಂದ ನನ್ನ ಅಮ್ಮ ಅದನ್ನು ನೋಡಿ ಬೇಜಾರು ಮಾಡಿಕೊಂಡಿದ್ದರು.

ಗಾರ್ಗಿಯಲ್ಲಿ 1986 ಎಂದರೆ ಸಾಕು, ಏನು ಎಂದು ಯಾರೂ ಕೇಳುವುದಿಲ್ಲ. ಆ ವರ್ಷ ಹುಟ್ಟಿರದವರ ಮುಖ ಕೂಡ ಸ್ವಲ್ಪ ಬಾಡುತ್ತದೆ. ಕೇಳಿದರೆ ಹೇಳುವುದು ಹಾರ್ಟ್ಸ್‌ಗೆ ಲೀಗ್ ಕೈತಪ್ಪಿದ ಕೊನೆಯ ಏಳು ನಿಮಿಷದ ಕತೆ. ನನಗೂ ಮೊದಲು ಸಿಕ್ಕಿದ್ದು ಅಷ್ಟೇ. ಆ ಕಾರ್ಡು ಕೈಗೆ ಬಂದ ಮೇಲೆ, 35 ಸಾಲುಗಳನ್ನು ಬೆರಳಿಟ್ಟು ಓದಿದ ಮೇಲೆ, ಆ ಏಳು ನಿಮಿಷವನ್ನೇ ಇಡೀ ವರ್ಷ ಎಂದು ಕರೆಯುವುದು ಅನ್ಯಾಯ ಎಂದು ನನಗೆ ಬಲವಾಗಿ ಅನಿಸಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1985–86ರ ಸ್ಕಾಟಿಷ್ ಪ್ರೀಮಿಯರ್ ಡಿವಿಷನ್. ಹತ್ತು ತಂಡ, ಪ್ರತಿಯೊಬ್ಬರೂ ಪ್ರತಿಯೊಬ್ಬರ ಜೊತೆ ನಾಲ್ಕು ಸಲ, ಒಟ್ಟು 36 ಪಂದ್ಯ. ಗೆದ್ದರೆ 2 ಅಂಕ, ಡ್ರಾ ಆದರೆ 1. ಆಗ ಸ್ಕಾಟ್ಲೆಂಡಿನ ಫುಟ್‌ಬಾಲ್ ಆಮೇಲೆ ಆದಂತೆ ಸೆಲ್ಟಿಕ್, ರೇಂಜರ್ಸ್ ಎಂಬ ಗ್ಲಾಸ್ಗೋದ ಎರಡು ಮನೆಗಳ ಜಗಳವಾಗಿರಲಿಲ್ಲ. ಅಲೆಕ್ಸ್ ಫರ್ಗ್ಯುಸನ್ ಕಟ್ಟಿದ ಅಬರ್ಡೀನ್ 1980, 1984, 1985ರಲ್ಲಿ ಚಾಂಪಿಯನ್. 1983ರಲ್ಲಿ ಡಂಡೀ ಯುನೈಟೆಡ್. ಉತ್ತರದ ಸಣ್ಣ ಊರುಗಳು ಗೆಲ್ಲಬಲ್ಲವು ಎಂಬುದು ಆಗ ಬರಿಯ ಆಸೆಯಾಗಿರಲಿಲ್ಲ, ಕಣ್ಣೆದುರಿನ ಸಂಗತಿಯಾಗಿತ್ತು.

ಹಾರ್ಟ್ಸ್ ಮಾತ್ರ ಆ ಸಾಲಿನಲ್ಲಿರಲಿಲ್ಲ. 1977ರಿಂದ 1981ರೊಳಗೆ ಮೂರು ಸಲ ಕೆಳಗಿನ ಡಿವಿಷನ್ನಿಗೆ ಜಾರಿದ್ದ ತಂಡ ಅದು. 1981ರಲ್ಲಿ ವಾಲೇಸ್ ಮರ್ಸರ್ ಕ್ಲಬ್ಬನ್ನು ಕೊಂಡರು. ಅಲೆಕ್ಸ್ ಮ್ಯಾಕ್‌ಡೊನಾಲ್ಡ್ ತಂಡದ ಹೊಣೆ ಹೊತ್ತರು, ಜೊತೆಗೆ ಸ್ಯಾಂಡಿ ಜಾರ್ಡಿನ್. ಇಬ್ಬರೂ ರೇಂಜರ್ಸ್‌ನ ಹಳೇ ಹುಲಿಗಳು, 1972ರಲ್ಲಿ ಬಾರ್ಸಿಲೋನಾದಲ್ಲಿ ಯುರೋಪಿಯನ್ ಕಪ್ ವಿನ್ನರ್ಸ್ ಕಪ್ ಗೆದ್ದವರು. ಜಾರ್ಡಿನ್ ಬೆಳೆದದ್ದು ಇದೇ ಟೈನ್‌ಕ್ಯಾಸಲ್ ಸುತ್ತಿನಲ್ಲಿ. 37ರ ವಯಸ್ಸಿನಲ್ಲೂ ರಕ್ಷಣೆಯ ನಡುವೆ ನಿಂತು ಆಡುತ್ತಿದ್ದರು. ಆ ಸೀಸನ್ನಿನಲ್ಲೇ ವೃತ್ತಿಜೀವನದ ಸಾವಿರ ಪಂದ್ಯ ಮುಟ್ಟಿದರು, ಪತ್ರಕರ್ತರ ಸಂಘ ಕೊಡುವ ವರ್ಷದ ಆಟಗಾರ ಗೌರವವನ್ನೂ ಪಡೆದರು. ಅವರ ಸುತ್ತ 21–22ರ ಹುಡುಗರು: ಜಾನ್ ರಾಬರ್ಟ್‌ಸನ್, ಗ್ಯಾರಿ ಮ್ಯಾಕೇ, ಕ್ರೇಗ್ ಲೆವೀನ್. ರಾಬರ್ಟ್‌ಸನ್ ಕುಳ್ಳ, ಆದರೆ ಗೋಲಿನ ಮುಂದೆ ಚೆಂಡು ಎಲ್ಲಿ ಬೀಳುತ್ತದೆ ಎಂದು ಮೊದಲೇ ತಿಳಿದವನ ಹಾಗೆ ನಿಂತಿರುತ್ತಿದ್ದರಂತೆ. ಆ ವರ್ಷ ಲೀಗ್‌ನಲ್ಲಿ 20 ಗೋಲು ಹೊಡೆದರು.

ಕಾರ್ಡಿನ ಮೊದಲ ಸಾಲು: ಆಗಸ್ಟ್ 10, ಸೆಲ್ಟಿಕ್, ಟೈನ್‌ಕ್ಯಾಸಲ್, 1–1. ಹಾರ್ಟ್ಸ್ ಪರ ಹೊಡೆದದ್ದು ಜಾನ್ ಕಲ್ಹೂನ್, ಆ ಬೇಸಿಗೆಯಲ್ಲಿ ಸೆಲ್ಟಿಕ್ ಬಿಟ್ಟು ಬಂದಿದ್ದ ಹುಡುಗ. ಪಂದ್ಯ ಮುಗಿಯುತ್ತಿದ್ದ ಘಳಿಗೆಯಲ್ಲಿ ಸೆಲ್ಟಿಕ್‌ನ ಪಾಲ್ ಮೆಕ್‌ಸ್ಟೇ ಸಮ ಮಾಡಿದರು. ಮೊದಲ ದಿನದ ಮೊದಲ ಪಂದ್ಯ, ಯಾರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ? ಎರಡನೆಯ ಸಾಲು: ಆಗಸ್ಟ್ 17, ಸೇಂಟ್ ಮಿರನ್, ಪೈಸ್ಲಿಯ ಲವ್ ಸ್ಟ್ರೀಟ್ ಮೈದಾನ, 2–6. ಆರು ಗೋಲು ಬಿಟ್ಟುಕೊಟ್ಟು ಬಂದರು. ಮೊದಲ ಎಂಟು ಸಾಲಿನಲ್ಲಿ ಎರಡೇ ಚುಕ್ಕೆ. ಸೆಪ್ಟೆಂಬರ್ 28ರಂದು ಕ್ಲೈಡ್‌ಬ್ಯಾಂಕ್‌ನಂಥ ಸಣ್ಣ ತಂಡದ ಕೈಯಲ್ಲೂ 0–1.

ಅಲ್ಲಿಂದ ಮುಂದೆ ಕಾರ್ಡಿನ ಬಣ್ಣವೇ ಬದಲಾಗುತ್ತದೆ. ಅಕ್ಟೋಬರ್ 12ರಂದು ಸೆಲ್ಟಿಕ್‌ನ ಸ್ವಂತ ಮೈದಾನಕ್ಕೆ ಹೋಗಿ ರಾಬರ್ಟ್‌ಸನ್ ಗೋಲಿನಿಂದ 1–0. ಚುಕ್ಕೆ. ನವೆಂಬರ್, ಡಿಸೆಂಬರ್, ಚುಕ್ಕೆ, ಚುಕ್ಕೆ. ಮಧ್ಯಾಹ್ನ ಮೂರೂವರೆಗೇ ಕತ್ತಲಾಗುವ ಕಾಲ ಅದು, ಇಲ್ಲಿಯ ಚಳಿಗಾಲ ನಮ್ಮವರಿಗೆ ಹೇಳಿದರೆ ಅರ್ಥವಾಗುವುದು ಕಷ್ಟ. ಆ ಕತ್ತಲಲ್ಲಿ ವಾರವಾರವೂ ಒಂದು ಬಡಾವಣೆ ಕಾದು ನಿಲ್ಲಲು ಒಂದು ಶನಿವಾರ ಇತ್ತು. 27 ಲೀಗ್ ಪಂದ್ಯ ಸೋಲೇ ಇಲ್ಲ: 18 ಗೆಲುವು, 9 ಡ್ರಾ. ಕಪ್ ಪಂದ್ಯಗಳನ್ನೂ ಸೇರಿಸಿದರೆ 31. ಅಪ್ಪ ಬ್ರೂವರಿಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದರಂತೆ. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಚಹಾ ಕುಡಿಯುತ್ತ ಪೆನ್ಸಿಲ್ ಚೂಪು ಮಾಡಿ ಬರೆಯುತ್ತಿದ್ದರು. ಶನಿವಾರವೇ ಬರೆಯುತ್ತಿರಲಿಲ್ಲ. ಯಾಕೆ ಎಂದು ಕೇಳಿದೆ. "ಭಾನುವಾರದ ಪೇಪರಲ್ಲಿ ಅಚ್ಚಾಗಿ ಬರೋವರೆಗೂ ಅಪ್ಪ ನಂಬ್ತಿರಲಿಲ್ಲ" ಎಂದರು ಕೆಳಗಿನ ಮನೆಯವರು. ಮೂರು ಸಲ ಕೆಳಗಿಳಿದ ತಂಡವನ್ನು ಪ್ರೀತಿಸಿದವರಿಗೆ ಇಂಥ ಎಚ್ಚರ ತಾನಾಗಿ ಬರುತ್ತದೆ.

ಅಪ್ಪನಿಗೆ ಆ ಎಚ್ಚರ ಬಂದದ್ದು ಇನ್ನೂ ಮುಂಚೆ, 1965ರ ಏಪ್ರಿಲ್ 24ರಂದು. ಅವತ್ತೂ ಲೀಗ್‌ನ ಕೊನೆಯ ದಿನ. ಟೈನ್‌ಕ್ಯಾಸಲ್‌ಗೆ ಬಂದವರು ಕಿಲ್ಮಾರ್ನಕ್. ಹಾರ್ಟ್ಸ್ ಗೆಲ್ಲಬೇಕಾಗಿರಲಿಲ್ಲ, ಒಂದು ಗೋಲಿನಿಂದ ಸೋತರೂ ನಡೆಯುತ್ತಿತ್ತು. 0–2 ಸೋತರು. ಅಂಕ ಸಮವಾಯಿತು. ಆಗಿನ ನಿಯಮ ಗೋಲ್ ಆವರೇಜ್, ಅಂದರೆ ಹೊಡೆದ ಗೋಲನ್ನು ಬಿಟ್ಟುಕೊಟ್ಟ ಗೋಲಿನಿಂದ ಭಾಗಿಸುವುದು. ಕಿಲ್ಮಾರ್ನಕ್ 62ಕ್ಕೆ 33, ಅಂದರೆ 1.88. ಹಾರ್ಟ್ಸ್ 90ಕ್ಕೆ 49, ಅಂದರೆ 1.84. ಕಪ್ ಕಿಲ್ಮಾರ್ನಕ್‌ಗೆ ಹೋಯಿತು. ಕಳೆಯುವ ಲೆಕ್ಕವಾಗಿದ್ದರೆ ಹಾರ್ಟ್ಸ್ +41, ಅವರು +29, ಮಾತೇ ಇರುತ್ತಿರಲಿಲ್ಲ. 1970ರ ದಶಕದ ಆರಂಭದಲ್ಲಿ ಭಾಗಾಕಾರ ಹೋಗಿ ಕಳೆಯುವ ಲೆಕ್ಕ, ಅಂದರೆ ಗೋಲ್ ಡಿಫರೆನ್ಸ್ ಬಂತು.

ಕ್ರಿಕೆಟ್‌ನಲ್ಲಿ ನೆಟ್ ರನ್‌ರೇಟ್‌ಗಾಗಿ ಕಾಗದ ಪೆನ್ನು ಹಿಡಿದು ಕೂತವರಿಗೆ ಈ ಸಂಕಟ ಗೊತ್ತಿರುತ್ತದೆ. ಲೆಕ್ಕ ಹಾಕುವ ರೀತಿ ಬದಲಾದರೆ ಗೆದ್ದವನೇ ಬದಲಾಗುತ್ತಾನೆ. ಈಗ 1986ರ ಮೇ 3ರ ಸಂಜೆಯ ಪಟ್ಟಿ ನೋಡಿ. ಸೆಲ್ಟಿಕ್: 20 ಗೆಲುವು, 10 ಡ್ರಾ, 6 ಸೋಲು, 50 ಅಂಕ, 67–38. ಹಾರ್ಟ್ಸ್: 20 ಗೆಲುವು, 10 ಡ್ರಾ, 6 ಸೋಲು, 50 ಅಂಕ, 59–33. ಕಳೆಯುವ ಲೆಕ್ಕದಲ್ಲಿ ಸೆಲ್ಟಿಕ್ +29, ಹಾರ್ಟ್ಸ್ +26. ಸೆಲ್ಟಿಕ್ ಚಾಂಪಿಯನ್. ಹಳೇ ಭಾಗಾಕಾರ ಹಾಕಿ ನೋಡಿ: ಹಾರ್ಟ್ಸ್ 1.79, ಸೆಲ್ಟಿಕ್ 1.76. 1965ರಲ್ಲಿ ಈಗಿನ ನಿಯಮ ಇದ್ದಿದ್ದರೆ ಹಾರ್ಟ್ಸ್, 1986ರಲ್ಲಿ ಆಗಿನ ನಿಯಮ ಇದ್ದಿದ್ದರೆ ಹಾರ್ಟ್ಸ್. ಈ ಲೆಕ್ಕವನ್ನು ಮೊದಲ ಸಲ ನಾನೇ ಹಾಕಿ ನೋಡಿದ ರಾತ್ರಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಯಾರೂ ಮೋಸ ಮಾಡಿಲ್ಲ. ನಿಯಮ ಎಲ್ಲರಿಗೂ ಒಂದೇ ಇತ್ತು. ಆದರೂ ಎದೆಯಲ್ಲೊಂದು ಕಲ್ಲು.

ಇನ್ನೂ ಒಂದು ಮಾತಿದೆ. ಆ ಸೀಸನ್ನಿನಲ್ಲಿ ಸೆಲ್ಟಿಕ್ ಒಂದು ಸಲವೂ ಹಾರ್ಟ್ಸನ್ನು ಸೋಲಿಸಲಿಲ್ಲ. ನಾಲ್ಕು ಸಲ ಎದುರಾದರು, ನಾಲ್ಕರಲ್ಲೂ ಹಾರ್ಟ್ಸ್‌ಗೆ ಸೋಲಿಲ್ಲ. ಮೆಕ್‌ಸ್ಟೇ ಆ ಮೊದಲ ದಿನದ ಕೊನೆಯ ಘಳಿಗೆಯಲ್ಲಿ ಹೊಡೆಯದೆ ಇದ್ದಿದ್ದರೆ ಮೇ ತಿಂಗಳಲ್ಲಿ ಲೆಕ್ಕ 51ಕ್ಕೆ 49 ಆಗುತ್ತಿತ್ತು. ಯಾರೂ ಮನಸ್ಸಿಗೆ ಹಚ್ಚಿಕೊಳ್ಳದ ಆ ಗೋಲು.

ಸೆಲ್ಟಿಕ್‌ಗೆ ಸಲ್ಲಬೇಕಾದ್ದು ಸಲ್ಲಬೇಕು. ಡೇವಿಡ್ ಹೇ ಅವರ ತಂಡ ಕೊನೆಯ ಎಂಟು ಲೀಗ್ ಪಂದ್ಯವನ್ನೂ ಗೆದ್ದಿತು. ಹಾರ್ಟ್ಸ್ ಎಡವಲಿ ಎಂದು ಕಾಯುತ್ತ ಕೂರಲಿಲ್ಲ, ಎಡವಿದರೆ ಹಿಡಿಯುವಷ್ಟು ಹತ್ತಿರ ಓಡಿ ಬಂದಿತ್ತು. ಕೊನೆಯ ದಿನಕ್ಕೆ ಮುಂಚೆ ಹಾರ್ಟ್ಸ್ 50, ಸೆಲ್ಟಿಕ್ 48. ಹಾರ್ಟ್ಸ್‌ಗೆ ಬೇಕಾದ್ದು ಒಂದೇ ಒಂದು ಡ್ರಾ. ಸೆಲ್ಟಿಕ್‌ಗೆ ಹಾರ್ಟ್ಸ್ ಸೋಲಬೇಕು, ಜೊತೆಗೆ ತಾವು ಮೂರು ಗೋಲಿನಿಂದಾದರೂ ಗೆಲ್ಲಬೇಕು. ಅವರ ಪಂದ್ಯ ಇದ್ದದ್ದು ಲವ್ ಸ್ಟ್ರೀಟ್‌ನಲ್ಲಿ, ಆಗಸ್ಟ್‌ನಲ್ಲಿ ಹಾರ್ಟ್ಸ್ ಆರು ಗೋಲು ತಿಂದ ಅದೇ ಮೈದಾನ.

ಹಾರ್ಟ್ಸ್ ಹೋಗಿದ್ದು ಡಂಡೀ ಊರಿಗೆ, ಡಂಡೀ ಕ್ಲಬ್ಬಿನ ಡೆನ್ಸ್ ಪಾರ್ಕ್ ಮೈದಾನಕ್ಕೆ. ನಾನು ಅಲ್ಲಿಗೆ ಒಮ್ಮೆ ಹೋಗಿದ್ದೇನೆ. ಬೆಟ್ಟದ ಇಳಿಜಾರಿನ ಬೀದಿ, ಮನೆಗಳ ನಡುವೆ ಮೈದಾನ, ನಡುವೆ ಬಾಗಿದ ಹಳೇ ಕಟ್ಟೆ. ಅದೇ ಬೀದಿಯಲ್ಲಿ ಇನ್ನೂರು ಹೆಜ್ಜೆ ನಡೆದರೆ ಡಂಡೀ ಯುನೈಟೆಡ್‌ನ ಟ್ಯಾನಡೈಸ್ ಮೈದಾನ. ಎರಡು ವೈರಿ ಕ್ಲಬ್ಬುಗಳು ಒಂದೇ ಬೀದಿಯಲ್ಲಿ, ಒಂದೇ ಗೋಡೆಯ ಅಕ್ಕಪಕ್ಕದ ಅಣ್ಣತಮ್ಮಂದಿರ ಹಾಗೆ.

ಕೆಳಗಿನ ಮನೆಯವರಿಗೆ ಆಗ 19 ವರ್ಷ. ಅಪ್ಪ ಮಗ ಇಬ್ಬರೂ ಹೋಗಿದ್ದರು. ಮೈದಾನದಲ್ಲಿದ್ದ ಸುಮಾರು 20 ಸಾವಿರ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮರೂನ್ ಸ್ಕಾರ್ಫಿನವರೇ ಅನ್ನುತ್ತಾರೆ. ಲೆವೀನ್ ಹುಷಾರಿಲ್ಲದೆ ಆಡಲಿಲ್ಲ ಎಂಬ ಸುದ್ದಿ ಗೇಟಿನಲ್ಲೇ ಕಿವಿಗೆ ಬಿತ್ತು. ಮೊದಲರ್ಧದಲ್ಲಿ ಸ್ಯಾಂಡಿ ಕ್ಲಾರ್ಕ್ ಪೆನಾಲ್ಟಿ ಬಾಕ್ಸಿನೊಳಗೆ ಬಿದ್ದಾಗ ಎಲ್ಲರೂ ಕೈಯೆತ್ತಿ ಕೂಗಿದರು. ಸಿಗಲಿಲ್ಲ. 0–0. ಡಂಡೀ ಸುಮ್ಮನೆ ಬಂದು ನಿಂತ ತಂಡವಲ್ಲ. ರೇಂಜರ್ಸ್ ಎಡವಿದರೆ ಯುರೋಪಿನ ಟೂರ್ನಿಗೆ ಹೋಗುವ ಆಸೆ ಅವರಿಗೂ ಇತ್ತು. ಅತ್ತ ಲವ್ ಸ್ಟ್ರೀಟ್‌ನಲ್ಲಿ ಅರ್ಧ ಹೊತ್ತಿಗೇ ಸೆಲ್ಟಿಕ್ 4–0. ಅದರಲ್ಲಿ ಮೂರನೆಯ ಗೋಲನ್ನು ನಾನು ವಿಡಿಯೋದಲ್ಲಿ ಎಷ್ಟು ಸಲ ನೋಡಿದ್ದೇನೋ. ಡ್ಯಾನಿ ಮೆಕ್‌ಗ್ರೇನ್ ತಮ್ಮದೇ ಬಾಕ್ಸಿನ ಹತ್ತಿರದಿಂದ ಶುರು ಮಾಡಿ, ಕಾಲಿಂದ ಕಾಲಿಗೆ ಚೆಂಡು ಹೂವಿನ ಹಾರದಂತೆ ಪೋಣಿಸಿಕೊಂಡು ಹೋಗಿ, ಬ್ರಯಾನ್ ಮೆಕ್‌ಕ್ಲೇರ್ ಅಡ್ಡ ಕೊಟ್ಟದ್ದನ್ನು ಮೋ ಜಾನ್‌ಸ್ಟನ್ ಒಳಗೆ ಹಾಕುತ್ತಾರೆ. ನಾನು ಯಾರ ಕಡೆಯವನಾದರೂ ಸರಿ, ಅದು ಸುಂದರ ಗೋಲು. ಪಂದ್ಯ 5–0 ಮುಗಿಯಿತು.

ಡೆನ್ಸ್ ಪಾರ್ಕ್‌ನಲ್ಲಿ 83 ನಿಮಿಷ ಆಗಿತ್ತು. ಇನ್ನು ಏಳು. ಬಲಗಡೆಯಿಂದಲೋ ಎಡಗಡೆಯಿಂದಲೋ ಕಾರ್ನರ್ ಬಂತು ಎನ್ನುವುದು ಕೂಡ ಕೆಳಗಿನ ಮನೆಯವರಿಗೆ ನೆನಪಿಲ್ಲ. ಚೆಂಡು ಒಬ್ಬನ ತಲೆ ಸವರಿಕೊಂಡು ಕೆಳಗೆ ಬಂತು. ಬದಲಿ ಆಟಗಾರನಾಗಿ ಇಳಿದಿದ್ದ ಆಲ್ಬರ್ಟ್ ಕಿಡ್ ಹೊಡೆದರು. ಆ ಸೀಸನ್ನಿನಲ್ಲಿ ಅಲ್ಲಿಯವರೆಗೆ ಲೀಗ್‌ನಲ್ಲಿ ಒಂದೂ ಗೋಲು ಹೊಡೆಯದವರು. ನಾಲ್ಕು ನಿಮಿಷದ ಮೇಲೆ ಅವರೇ ಇನ್ನೊಂದು. 2–0. ಲವ್ ಸ್ಟ್ರೀಟ್‌ನಲ್ಲಿ ಆ ಹೊತ್ತಿಗೆ ಮೈದಾನದಲ್ಲಿ ಏನೂ ನಡೆಯುತ್ತಿರಲಿಲ್ಲವಂತೆ, ಆದರೆ ಕಿವಿಗೆ ಟ್ರಾನ್ಸಿಸ್ಟರ್ ಹಚ್ಚಿಕೊಂಡಿದ್ದವರ ಕಡೆಯಿಂದ ಕೂಗು ಎದ್ದು ಇಡೀ ಕಟ್ಟೆಗೆ ಹಬ್ಬಿತು. ಎಡಿನ್‌ಬರಾದ ಇನ್ನೊಂದು ತುದಿಯ ವೈರಿ ತಂಡ ಹಿಬ್ಸ್‌ನ ಅಭಿಮಾನಿಗಳು ಈಗಲೂ ಆಲ್ಬರ್ಟ್ ಕಿಡ್ ಹೆಸರು ಕೂಗಿ ಕುಣಿಯುತ್ತಾರೆ.

ಕೆಳಗಿನ ಮನೆಯವರು ಆ ಗೋಲುಗಳ ಬಗ್ಗೆ ಇಷ್ಟೇ ಹೇಳಿದರು: "ಎರಡನೇದು ಆದಾಗ ಅಪ್ಪ ಟೋಪಿ ತೆಗೆದ್ರು. ಯಾಕೆ ಅಂತ ಗೊತ್ತಿಲ್ಲ. ಸಾವಿನ ಮೆರವಣಿಗೆ ಹೋಗುವಾಗ ತೆಗೀತಾರಲ್ಲ, ಹಾಗೆ." ಟ್ರೈನಿನಲ್ಲಿ ಯಾರೂ ಮಾತಾಡಲಿಲ್ಲ. ಸೋಮವಾರ ಬೆಳಿಗ್ಗೆ ಅಪ್ಪ ಚಹಾ ಕುಡಿದರು, ಪೆನ್ಸಿಲ್ ತೆಗೆಯಲಿಲ್ಲ.

ಮುಂದಿನ ಶನಿವಾರ, ಮೇ 10, ಗ್ಲಾಸ್ಗೋದ ಹ್ಯಾಂಪ್ಡನ್ ಮೈದಾನದಲ್ಲಿ ಸ್ಕಾಟಿಷ್ ಕಪ್ ಫೈನಲ್. ಏಳು ದಿನದ ಸೂತಕದಲ್ಲಿದ್ದ ತಂಡ ಅಬರ್ಡೀನ್ ಎದುರು ನಿಂತಿತು. 0–3. ನಾಯಕ ವಾಲ್ಟರ್ ಕಿಡ್‌ಗೆ ರೆಡ್ ಕಾರ್ಡ್. ಅಲ್ಲಿಗೂ ಅಪ್ಪ ಮಗ ಹೋಗಿದ್ದರು. ಎರಡು ಕಪ್ಪಿನ ಕನಸು ಎಂಟು ದಿನದಲ್ಲಿ ಮುಗಿಯಿತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ನಮ್ಮ ಮಾತನ್ನು ನಾನು ಒಮ್ಮೆ ಅವರಿಗೆ ಬಿಡಿಸಿ ಹೇಳಿದೆ. ಅವರಿಗೆ ಬಹಳ ಹಿಡಿಸಿತು, ಎರಡು ಸಲ ಹೇಳಿಸಿಕೊಂಡರು. ನನಗೆ ಮಾತ್ರ ಹೇಳಿದ ಮೇಲೆ ಯಾಕೋ ಸಮಾಧಾನವಾಗಲಿಲ್ಲ. ಆ ಗಾದೆ ತುತ್ತಿನ ಬಗ್ಗೆ ಮಾತಾಡುತ್ತದೆ. ಬೆಳಿಗ್ಗೆಯಿಂದ ಒಲೆಯ ಮುಂದೆ ಕೂತವರ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ.

ಅವರಿಗೆ ನಾನು ಮೈಸೂರಿನ ಕತೆಯನ್ನೂ ಹೇಳಿದ್ದೇನೆ. 2010ರ ಜನವರಿ, ಗಂಗೋತ್ರಿ ಮೈದಾನ, ರಣಜಿ ಫೈನಲ್. ಮುಂಬೈ ಕೊಟ್ಟ ಗುರಿ 338. ಮನೀಷ್ ಪಾಂಡೆ 144 ಹೊಡೆದ ದಿನ. ನಾನಾಗ ವಿದ್ಯಾರ್ಥಿ, ಜಾಗ ಸಿಗದೆ ನಿಂತೇ ನೋಡಿದವನು. 331ಕ್ಕೆ ಆಲೌಟ್. ಆರು ರನ್. ಮಾನಸಗಂಗೋತ್ರಿಯ ಮರಗಳ ಕೆಳಗೆ ಸೈಕಲ್ ತಳ್ಳಿಕೊಂಡು ಹೋಗುವಾಗ ಜೊತೆಗಿದ್ದ ಗೆಳೆಯ ಒಂದು ಮಾತೂ ಆಡಲಿಲ್ಲ. ಆಮೇಲೆ ಕರ್ನಾಟಕ ರಣಜಿ ಗೆದ್ದಿತು, ಮತ್ತೆ ಗೆದ್ದಿತು. ಆದರೆ ನನ್ನ ವಯಸ್ಸಿನ ಮೈಸೂರಿನವರು ಸೇರಿದರೆ ಮಾತು ಬರುವುದು ಆ ಆರು ರನ್ನಿಗೆ. ಆ 144ರ ಒಂದೊಂದು ಹೊಡೆತವನ್ನೂ ನಾವು ಕಂಡಿದ್ದೆವು, ಅದು ಹಿಂದೆ ಸರಿಯಿತು. ಇದನ್ನು ಕೇಳಿ ಕೆಳಗಿನ ಮನೆಯವರು ತಲೆಯಾಡಿಸಿದರು. ಆರು ರನ್ ಎಂದರೆ ಎಷ್ಟು ಎಂದು ಕೇಳಿದರು. ಒಂದೇ ಹೊಡೆತ ಎಂದೆ.

ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ ಹೇಮಾರ್ಕೆಟ್ ಬಳಿ ಒಂದು ಗಡಿಯಾರದ ಗೋಪುರ ಇದೆ. ಹಾರ್ಟ್ಸ್ ಆಟಗಾರರ ಯುದ್ಧ ಸ್ಮಾರಕ ಅದು. 1914ರ ನವೆಂಬರ್‌ನಲ್ಲಿ, ಲೀಗ್ ಪಟ್ಟಿಯ ತುದಿಯಲ್ಲಿದ್ದಾಗಲೇ, ತಂಡದ ಆಟಗಾರರು ಒಟ್ಟಾಗಿ ಸೈನ್ಯಕ್ಕೆ ಸೇರಿದರು. ರಾತ್ರಿ ಕವಾಯತು, ಶನಿವಾರ ಪಂದ್ಯ. ದಣಿದ ಕಾಲುಗಳಲ್ಲಿ ಲೀಗ್ ಕೈಬಿಟ್ಟಿತು. 1915ರಲ್ಲಿ ಸೆಲ್ಟಿಕ್ 65, ಹಾರ್ಟ್ಸ್ 61. ಯುದ್ಧ ಮುಗಿಯುವ ಹೊತ್ತಿಗೆ ಏಳು ಆಟಗಾರರು ಇರಲಿಲ್ಲ. ಅವರಲ್ಲಿ ಮೂವರು, ಹ್ಯಾರಿ ವಾಟಿ, ಡಂಕನ್ ಕರಿ, ಅರ್ನೆಸ್ಟ್ ಎಲ್ಲಿಸ್, ಸತ್ತದ್ದು ಒಂದೇ ದಿನ, 1916ರ ಜುಲೈ 1, ಸೋಮ್ ಕದನದ ಮೊದಲ ದಿನ. ಪ್ರತಿ ನವೆಂಬರ್‌ನಲ್ಲಿ ಅಲ್ಲಿ ಹೂಚಕ್ರ ಇಡುತ್ತಾರೆ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಜನ ಬರುತ್ತಾರೆ.

ಅದೂ ಎರಡನೆಯ ಸ್ಥಾನವೇ. ಆದರೆ 1915ನ್ನು ಸೋತ ವರ್ಷ ಎಂದು ಗಾರ್ಗಿಯಲ್ಲಿ ಯಾರೂ ಕರೆಯುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ಉದ್ಧಟತನ ನನಗಿಲ್ಲ. ಒಂದು ಸಾವು, ಇನ್ನೊಂದು ಆಟ. ಇಷ್ಟು ಮಾತ್ರ: ಒಂದು ವರ್ಷವನ್ನು ಪೂರ್ತಿಯಾಗಿ, ಅದರಲ್ಲಿದ್ದವರ ಹೆಸರು ಹಿಡಿದು ನೆನೆಯುವುದು ಹೇಗೆ ಎಂದು ಈ ಕ್ಲಬ್ಬಿಗೆ ಗೊತ್ತಿದೆ. ಹಾಗಿದ್ದರೆ ಜಾರ್ಡಿನ್‌ಗೂ ರಾಬರ್ಟ್‌ಸನ್‌ಗೂ ಅದೇ ಮರ್ಯಾದೆ ಯಾಕಿಲ್ಲ? ಕಲ್ಹೂನ್‌ಗೆ ಯಾಕಿಲ್ಲ? 2014ರಲ್ಲಿ ಜಾರ್ಡಿನ್ ತೀರಿಹೋದರು. ಸಾವಿರ ಪಂದ್ಯ ಆಡಿದ ಮನುಷ್ಯನ ಕತೆಯಲ್ಲಿ ಏಳು ನಿಮಿಷಕ್ಕೆ ಇಷ್ಟು ಜಾಗ ಯಾಕೆ?

ಆ ಸೀಸನ್ ದೊಡ್ಡದು ಅನ್ನುವುದಕ್ಕೆ ನನ್ನ ಬಳಿ ಇನ್ನೊಂದು ಕಾರಣ ಇದೆ. ಅದೇ ಏಪ್ರಿಲ್‌ನಲ್ಲಿ ಗ್ರೇಮ್ ಸೂನಸ್ ರೇಂಜರ್ಸ್‌ಗೆ ಆಟಗಾರ-ಮ್ಯಾನೇಜರ್ ಆಗಿ ಬಂದರು. ದೊಡ್ಡ ದುಡ್ಡು ಬಂತು, ಇಂಗ್ಲೆಂಡಿನ ದೊಡ್ಡ ಆಟಗಾರರು ಬಂದರು. ಅದಕ್ಕೂ ಮುಂಚೆ, 1985ರ ಸೆಪ್ಟೆಂಬರ್‌ನಲ್ಲಿ ಸ್ಕಾಟ್ಲೆಂಡ್ ತಂಡದ ಮ್ಯಾನೇಜರ್ ಜಾಕ್ ಸ್ಟೀನ್ ಕಾರ್ಡಿಫ್‌ನಲ್ಲಿ ಪಂದ್ಯ ಮುಗಿಯುತ್ತಿದ್ದಂತೆ ಕುಸಿದು ತೀರಿಕೊಂಡಿದ್ದರು. ಅವರ ಜಾಗದಲ್ಲಿ ನಿಂತ ಫರ್ಗ್ಯುಸನ್ 1986ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್‌ಗೆ ಹೊರಟುಹೋದರು. 1986ರಿಂದ 2025ರವರೆಗಿನ 40 ಸೀಸನ್‌ಗಳಲ್ಲಿ ಲೀಗ್ ಗೆದ್ದದ್ದು ಸೆಲ್ಟಿಕ್ ಇಲ್ಲವೆ ರೇಂಜರ್ಸ್, ಮೂರನೆಯ ಹೆಸರೇ ಇಲ್ಲ. ಬಾಗಿಲು ಮುಚ್ಚುತ್ತಿರುವಾಗ, ಎಲ್ಲೂ ಲೆಕ್ಕಕ್ಕಿಲ್ಲದಿದ್ದ ಒಂದು ತಂಡ ಸಂದಿಯಲ್ಲಿ ಕಾಲಿಟ್ಟು ಏಳು ನಿಮಿಷದ ತನಕ ತಡೆದು ಹಿಡಿದಿತ್ತು. ನಾನು ಆ ವರ್ಷವನ್ನು ನೋಡುವುದು ಹೀಗೆ.

1998ರಲ್ಲಿ ಹಾರ್ಟ್ಸ್ ರೇಂಜರ್ಸನ್ನು 2–1 ಸೋಲಿಸಿ ಸ್ಕಾಟಿಷ್ ಕಪ್ ಗೆದ್ದಿತು, 36 ವರ್ಷದ ಬಳಿಕ ಮೊದಲ ಕಪ್ಪು. ಅಪ್ಪ ಅದನ್ನು ನೋಡಿದರು, ಅದೊಂದು ಪುಣ್ಯ. 2013ರಲ್ಲಿ ಕ್ಲಬ್ಬು ದಿವಾಳಿಯ ಅಂಚಿಗೆ ಬಂದಾಗ ಅಭಿಮಾನಿಗಳು ತಿಂಗಳು ತಿಂಗಳು ದುಡ್ಡು ಕಟ್ಟಿ ಉಳಿಸಿಕೊಂಡರು, 2021ರಲ್ಲಿ ಒಡೆತನವೇ ಅವರದಾಯಿತು. ಕೆಳಗಿನ ಮನೆಯವರೂ ಕಟ್ಟುತ್ತಾರೆ, ಅಪ್ಪನ ಹೆಸರಿನಲ್ಲಿ.

ಕಾರ್ಡು ನನ್ನ ಕೈಗೆ ಬಂದದ್ದು ಹೋದ ಚಳಿಗಾಲದಲ್ಲಿ. ಸಂಜೆ ಮಗನನ್ನು ಕರೆದುಕೊಂಡು ಅವರ ಮನೆಗೆ ಒಂದು ಡಬ್ಬಿ ಚಕ್ಕುಲಿ ಕೊಡಲು ಹೋಗಿದ್ದೆ. ಹತ್ತು ವರ್ಷದ ಹುಡುಗ, ಸ್ಕಾಟಿಷ್ ಲೀಗಿನ ಅಂಕಪಟ್ಟಿ ಮಗ್ಗಿಯ ಹಾಗೆ ಒಪ್ಪಿಸುತ್ತಾನೆ. ಅವರು ಡ್ರಾಯರಿನಿಂದ ಕಾರ್ಡು ತೆಗೆದು ಅವನ ಕೈಗಿತ್ತರು. ಅವನು ಮೊದಲ ಸಾಲಿನಿಂದ ಜೋರಾಗಿ ಓದುತ್ತ ಹೋದ. ನಾನು ಉಸಿರು ಹಿಡಿದು ಕೂತಿದ್ದೆ, ಕೊನೆಯ ಸಾಲು ಬಂದಾಗ ಏನು ಕೇಳುತ್ತಾನೋ ಎಂದು. "ಏಪ್ರಿಲ್ 26, ಕ್ಲೈಡ್‌ಬ್ಯಾಂಕ್, 1–0, ಚುಕ್ಕೆ." ಮುಂದಿನ ಖಾಲಿ ಚೌಕದ ಮೇಲೆ ಒಂದು ಕ್ಷಣ ಬೆರಳಿಟ್ಟ. ಆಮೇಲೆ ಕೇಳಿದ: "ಈ ಚುಕ್ಕೆಗಳಲ್ಲಿ ನಿಮಗೆ ಯಾವುದು ಇಷ್ಟ?"

ನಲವತ್ತು ವರ್ಷದಲ್ಲಿ ಅವರನ್ನು ಯಾರೂ ಹಾಗೆ ಕೇಳಿರಲಿಲ್ಲವೇನೋ. ಕಾರ್ಡನ್ನು ತಿರುಗಿಸಿಕೊಂಡು, ಕನ್ನಡಕ ಹಣೆಗೇರಿಸಿ, ಕೊನೆಯಿಂದ ನಾಲ್ಕನೆಯ ಸಾಲಿಗೆ ಉಗುರು ತಾಗಿಸಿದರು. ಏಪ್ರಿಲ್ 12, ಡಂಡೀ ಯುನೈಟೆಡ್, ಟ್ಯಾನಡೈಸ್, 3–0. ಹಿಂದಿನ ಶನಿವಾರ ತಾನೇ ಕಪ್ ಸೆಮಿಫೈನಲ್‌ನಲ್ಲಿ ಅದೇ ಯುನೈಟೆಡನ್ನು ಕಲ್ಹೂನ್ ಗೋಲಿನಿಂದ 1–0 ಸೋಲಿಸಿದ್ದರು. ಅವರು ಕಾದು ಕೂತಿದ್ದ ಮೈದಾನಕ್ಕೇ ಹೋಗಿ ಮೂರು ಗೋಲು. ಪಂದ್ಯ ಮುಗಿದ ಮೇಲೆ ಬೀದಿ ತುಂಬ ಮರೂನ್. ಬೆಟ್ಟ ಇಳಿಯುವಾಗ ಡೆನ್ಸ್ ಪಾರ್ಕ್‌ನ ಗೋಡೆಯ ಪಕ್ಕದಲ್ಲೇ ನಡೆದು ಬಂದರು. ಮೂರು ವಾರದ ಮೇಲೆ ಇಲ್ಲಿಗೇ ಬರಬೇಕು ಎಂದು ಅಪ್ಪ ಗೋಡೆಯನ್ನು ಅಂಗೈಯಿಂದ ತಟ್ಟಿದರು. ಸ್ಟೇಷನ್ನಿನ ಹತ್ತಿರ ಕಾಗದದಲ್ಲಿ ಸುತ್ತಿದ ಮೀನು ಮತ್ತು ಚಿಪ್ಸ್, ವಿನೆಗರ್ ಸೋರಿ ಕೋಟಿನ ತೋಳು ಒದ್ದೆ.

"ಟೇ ಸೇತುವೆ ಗೊತ್ತಲ್ಲ," ಎಂದರು ನನ್ನ ಮಗನಿಗೆ. "ಟ್ರೈನು ಅಲ್ಲಿ ನಿಧಾನ ಹೋಗತ್ತೆ. ಕೆಳಗೆ ನೀರು, ಇನ್ನೂ ಬಿಸಿಲಿತ್ತು. ಅಪ್ಪ ಎದ್ದು ನಿಂತು ಹಾಡಿದ್ರು. ನಮ್ಮಪ್ಪನಿಗೆ ಹಾಡೋಕೆ ಬರತ್ತೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಇಡೀ ಬೋಗಿ ಸುಮ್ಮನಾಗಿ ಕೇಳ್ತು, ಸೇತುವೆ ಮುಗಿಯೋವರೆಗೂ."